ಕಂಬಳಿಯೊಳಗಿನ ಮೈಸೂರು

ಅಶ್ವಿತಾ ಆಸೆಪಟ್ಟ ಕಾಲೇಜುಗಳಲ್ಲಿ ಮೊದಲು ಬಿದ್ದುಹೋದದ್ದು ದೆಹಲಿಯದ್ದು. ಅಂಕ ಕಡಿಮೆಯಿತ್ತು ಅಂತಲ್ಲ, ದೂರವಾಯಿತು ಅಂತಲೂ ಅಲ್ಲ. ದೆಹಲಿಗೆ ಹೋಗುವವರು ಯಾರೂ ಇರಲಿಲ್ಲ, ಅಷ್ಟೇ.

ನಗಬೇಡಿ. ತೊಂಬತ್ತೇಳರ ದೋಹಾದಲ್ಲಿ ನಮ್ಮ ಮಂಗಳೂರು ಕಡೆಯವರ ಕಾಗದಪತ್ರ, ಮದುವೆಯ ವೀಡಿಯೊ ಕ್ಯಾಸೆಟ್, ಅಜ್ಜನ ಮಂಡಿನೋವಿನ ಮುಲಾಮು ಎಲ್ಲವೂ ಊರಿಗೆ ಹೋಗುವವರ ಕೈಯಲ್ಲೇ ಹೋಗಬೇಕು. ಅಂಚೆಗೆ ಹಾಕಿದ್ದು ಮುಟ್ಟಿದಾಗ ಮುಟ್ಟಿತು. ಕೊರಿಯರ್‌ನವನು ಆಚೆ ತುದಿಯಲ್ಲಿ ಯಾರೋ ಏನೋ, ಯಾರಿಗೆ ಗೊತ್ತು! ಕೈಗೆ ಕೊಟ್ಟರೆ ಮಾತ್ರ ಕೊಟ್ಟ ಹಾಗೆ. ಹಾಗಾಗಿ ಒಬ್ಬ ಟಿಕೆಟ್ ಮಾಡಿಸಿದನೆಂದರೆ ಅವನ ಹೆಂಡತಿಗೆ ಗೊತ್ತಾಗುವ ಮೊದಲು ಓಣಿಗೆಲ್ಲ ಗೊತ್ತಾಗುತ್ತಿತ್ತು. ಮಂಗಳೂರಿಗೆ ಹೋಗುವವರು ವಾರಕ್ಕೊಬ್ಬರಾದರೂ ಸಿಗುತ್ತಿದ್ದರು, ಬೊಂಬಾಯಿಗೆ ಬೇಕಾದಷ್ಟು ಜನ. ದೆಹಲಿಗೆ? ದೆಹಲಿಯಲ್ಲಿ ನಮ್ಮವರದ್ದು ಎಂತ ಉಂಟು?

ದೋಹಾದ ಅಲ್ ಹಿಲಾಲ್ ಬಡಾವಣೆಯ ಹಳೆಯ ವಿಲ್ಲಾ ಒಂದರ ಹಿಂಭಾಗದ ಎರಡು ಕೋಣೆಗಳಲ್ಲಿ ದುಗ್ಗಪ್ಪ ಸಾಲಿಯಾನರ ಸಂಸಾರ. ದುಗ್ಗಪ್ಪ ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್. ಹೆಂಡತಿ ಹೇಮಲತಾ, ಒಬ್ಬಳೇ ಮಗಳು ಅಶ್ವಿತಾ. ಶಾಲೆಯಲ್ಲಿ ಹನ್ನೊಂದನೆಯ ತರಗತಿಗೆ ಸಯನ್ಸ್ ಮತ್ತು ಕಾಮರ್ಸ್ ಬಿಟ್ಟರೆ ಮೂರನೆಯದು ಇರಲಿಲ್ಲ. ಕಪ್ಪೆ ಕೊಯ್ಯುವುದು ಬೇಡವೆಂದು ಹುಡುಗಿ ಕಾಮರ್ಸ್ ಸೇರಿದಳು. ಎರಡು ವರ್ಷ ಡೆಬಿಟ್ಟು ಕ್ರೆಡಿಟ್ಟು ಬರೆದಳು, ಒಳ್ಳೆಯ ಅಂಕವನ್ನೂ ತೆಗೆದಳು. ಮನಸ್ಸು ಮಾತ್ರ ಬೇರೆಲ್ಲೋ. ಸೂಕ್ ವಾಕಿಫ್ ಪೇಟೆಯಲ್ಲಿ ಮೂಸಬ್ಬ ಎಂಬ ಬ್ಯಾರಿ ಮುದುಕರ ಮಸಾಲೆ ಅಂಗಡಿಗೆ ಅಮ್ಮನ ಜೊತೆ ಹೋದರೆ, ಕೊತ್ತಂಬರಿ ತೂಗಿಸಿ ಮುಗಿಯುವಷ್ಟರಲ್ಲಿ ಇವಳ ವಿಚಾರಣೆ ಶುರು. “ಮೂಸಾಕ, ನೀವು ಬಂದ ಲಾಂಚಿನಲ್ಲಿ ಎಷ್ಟು ಜನ ಇದ್ರು? ಎಂತ ತಿಂದ್ರಿ? ಆಗ ಇಲ್ಲಿ ಕುಡಿಯುವ ನೀರು ಎಲ್ಲಿಂದ ತರ್ತಿದ್ರಿ? ನಿಮ್ಮನ್ನು ಇಳಿಸಿದ್ದು ಬಂದರಿನಲ್ಲಾ, ಅಲ್ಲ ದೂರದಲ್ಲೇ ನೀರಿಗೆ ಹಾರಿದ್ರಾ?” ಮೂಸಬ್ಬ ತಕ್ಕಡಿ ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತ ಹೋಗುವರು, ಹಿಂದೆ ನಿಂತ ಗಿರಾಕಿಗಳು ಗೊಣಗುವರು. ದುಗ್ಗಪ್ಪ ಮಗಳಿಗೆ ಪ್ರಶ್ನೆಪತ್ರಿಕೆ ಎಂದು ಹೆಸರಿಟ್ಟಿದ್ದರು.

ಹನ್ನೆರಡನೆಯದರ ಫಲಿತಾಂಶ ಬಂದ ದಿನ ಈ ಪ್ರಶ್ನೆಪತ್ರಿಕೆ ತನ್ನ ಉತ್ತರ ಹೇಳಿಬಿಟ್ಟಿತು. “ನಾನು ಬಿ.ಎ. ಮಾಡ್ತೇನೆ ಅಪ್ಪ. ಹಿಸ್ಟರಿ.”

ದುಗ್ಗಪ್ಪ ಕೈಯಲ್ಲಿದ್ದ ಲಾಡನ್ನು ಮತ್ತೆ ಪೆಟ್ಟಿಗೆಗೆ ಹಾಕಿದರು. “ಅದು ಕಲಿತು ಎಂತ ಮಾಡ್ಲಿಕ್ಕೆ?”

ಅವರಿಗೊಂದು ಆಸೆಯಿತ್ತು, ಅದನ್ನೂ ಹೇಳಬೇಕು. ಕಂಪನಿಯ ಅಕೌಂಟೆಂಟಿನ ಎ.ಸಿ. ಕೋಣೆಯಲ್ಲಿ ಬಿಲ್ಲು ಹಿಡಿದು ನಿಂತು ನಿಂತು ದುಗ್ಗಪ್ಪನವರಿಗೆ ಸಾಕಾಗಿತ್ತು. ಆ ಮನುಷ್ಯ ತಲೆ ಎತ್ತುತ್ತಿರಲಿಲ್ಲ, ಕೂತುಕೊಳ್ಳಿ ಅನ್ನುತ್ತಿರಲಿಲ್ಲ. ಮಗಳು ಬಿ.ಕಾಂ. ಮಾಡಬೇಕು, ಆಮೇಲೆ ಸಿ.ಎ. ಮಾಡಬೇಕು, ಅಂಥದೇ ಕುರ್ಚಿಯಲ್ಲಿ ಕೂರಬೇಕು. ಯಾರೋ ಊರಿನಿಂದ ಬರುವಾಗ ಇಟ್ಟಿಗೆಯಂಥ ಎರಡು ಅಕೌಂಟೆನ್ಸಿ ಗೈಡುಗಳನ್ನು ತರಿಸಿ ಅದಾಗಲೇ ಟೀವಿಯ ಮೇಲೆ ಇಟ್ಟಿದ್ದರು. ಬಂದವರಿಗೆಲ್ಲ ಅವು ಕಾಣುತ್ತಿದ್ದವು.

ವಾದ ಎರಡು ವಾರ ನಡೆಯಿತು. ಹೇಮಲತಾ ಇಬ್ಬರಿಗೂ ಬಡಿಸಿ ಇಬ್ಬರಿಂದಲೂ ಬೈಸಿಕೊಂಡರು. ಕೊನೆಗೆ ದುಗ್ಗಪ್ಪ ಅಂದರು, “ಎರಡು ಕಾಲೇಜಿಗೆ ಹಾಕುವ. ಒಂದು ನಿನ್ನದು, ಒಂದು ನನ್ನದು. ಖಲಾಸ್. ಎಲ್ಲಿ ಸಿಗ್ತದೋ ಅಲ್ಲಿಗೆ.”

ಅಪ್ಪನ ಕಾಲೇಜು ಮಂಗಳೂರಿನದ್ದು, ಬಿ.ಕಾಂ. ಅದರಲ್ಲಿ ಯೋಚಿಸುವಂಥದ್ದು ಏನೂ ಇರಲಿಲ್ಲ. ಹುಡುಗಿಯ ಪಾಲಿಗೆ ಬಂದದ್ದು ಒಂದೇ ಒಂದು, ಅದಕ್ಕಾಗಿ ಅವಳು ಪಟ್ಟ ಪಾಡು ಕೇಳಬೇಡಿ. ದೆಹಲಿ ಹೋಯಿತು. ಬೊಂಬಾಯಿಯಲ್ಲಿ ದೊಡ್ಡಪ್ಪನ ಮನೆಯಲ್ಲೇ ಮಲಗಲು ಜಾಗ ಸಾಲದು. ಬೆಂಗಳೂರೆಂದರೆ ಅತ್ತೆಯ ಮನೆ. ಅತ್ತೆಗೆ ಎರಡು ಸಣ್ಣ ಮಕ್ಕಳು, ಕೆಲಸದವಳು ಆಗಷ್ಟೇ ಬಿಟ್ಟುಹೋಗಿದ್ದಳು. ಅಲ್ಲಿ ತಾನು ಓದುವುದು ಏನೆಂದು ಅಶ್ವಿತಾಳಿಗೆ ಚೆನ್ನಾಗಿ ಗೊತ್ತಾಯಿತು. ಉಳಿದದ್ದು ಮೈಸೂರು. ಮೈಸೂರನ್ನು ಅವಳು ಕಂಡವಳೇ ಅಲ್ಲ. ರಜೆಗೆಂದು ಊರಿಗೆ ಹೋದರೆ ಮೂಡುಬಿದಿರೆ ದಾಟಿ ಆಚೆ ಕರೆದುಕೊಂಡು ಹೋಗುವವರು ಯಾರಿದ್ದರು? ಆದರೆ ಅಲ್ಲಿನ ಕಾಲೇಜಿನಲ್ಲಿ ಇತಿಹಾಸ, ಸಮಾಜಶಾಸ್ತ್ರ, ಇಂಗ್ಲಿಷ್ ಸಾಹಿತ್ಯ ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳಬಹುದಿತ್ತು, ಹೆಣ್ಣುಮಕ್ಕಳ ಹಾಸ್ಟೆಲ್ ಇತ್ತು, ಲೈಬ್ರರಿ ಸಂಜೆಯವರೆಗೂ ತೆರೆದಿರುತ್ತದೆ ಎಂದು ಪ್ರಾಸ್ಪೆಕ್ಟಸ್‌ನಲ್ಲಿ ಅಚ್ಚಾಗಿತ್ತು. ಅಷ್ಟನ್ನೇ ಮತ್ತೆ ಮತ್ತೆ ಓದಿ ಆ ಪುಸ್ತಿಕೆಯ ಬೆನ್ನು ಬಿಟ್ಟುಹೋಯಿತು. ಊರಿಂದ ಬಂದವರನ್ನೆಲ್ಲ ಹಿಡಿದು ಕೇಳಿದಳು, ಮೈಸೂರಿನಲ್ಲಿ ಚಳಿ ಉಂಟಾ, ಬಸ್ಸು ಉಂಟಾ, ಜನ ಹೇಗೆ? ಒಬ್ಬರು ಅರಮನೆ ಅಂದರು, ಮತ್ತೊಬ್ಬರು ಮೈಸೂರುಪಾಕು ಅಂದರು. ಕಾಲೇಜಿನ ಸುದ್ದಿ ಒಬ್ಬರಿಗೂ ಗೊತ್ತಿರಲಿಲ್ಲ.

ವಿಲ್ಲಾದ ಮುಂಭಾಗದಲ್ಲಿದ್ದ ನಿಯಾಝ್ ಜೂನ್ ಮೊದಲ ವಾರ ಊರಿಗೆ ಹೊರಟ. ಅರ್ಜಿ ಅವನ ಕೈಯಲ್ಲಿ ಹೋಗುವುದೆಂದಾಯಿತು. ಅವನ ಭಾವ ಮೈಸೂರಿನಲ್ಲಿ ಬೇಕರಿ ಇಟ್ಟಿದ್ದವನು, ಕಾಲೇಜಿಗೆ ಮುಟ್ಟಿಸುತ್ತೇನೆ ಅಂದಿದ್ದ. ಕೊನೆಯ ದಿನಾಂಕ ಜೂನ್ ಹತ್ತೊಂಬತ್ತು, ಗುರುವಾರ.

ಬಿ.ಕಾಂ. ಅರ್ಜಿಯನ್ನು ದುಗ್ಗಪ್ಪ ಎರಡು ದಿನ ಮೊದಲೇ ನಿಯಾಝ್‌ನ ಕೈಚೀಲಕ್ಕೆ ತಾವೇ ತುರುಕಿ ಬಂದರು. ಅಶ್ವಿತಾಳದ್ದು ಮುಗಿಯಲೇ ಇಲ್ಲ. ಒಂದು ಸಾಲು ಬರೆಯುವುದು, ಎದ್ದು ಕಿಟಕಿಗೆ ಹೋಗುವುದು, ಬಿಳಿ ಬಣ್ಣ ಹಚ್ಚಿ ಅಳಿಸುವುದು, ಅಡಿಗೆಮನೆಗೆ ಹೋಗಿ ನೀರು ಕುಡಿಯುವುದು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಮನೆಯೊಳಗೇ ತಿರುಗಿದಳು. ವಿಮಾನ ನಿಲ್ದಾಣ ಅಲ್ಲೇ ಪಕ್ಕದಲ್ಲಿ. ಒಂದೊಂದು ವಿಮಾನ ಏರಿದಾಗಲೂ ಕಿಟಕಿಯ ಗಾಜು ಅದುರುತ್ತಿತ್ತು, ಇವಳ ಎದೆಯೂ ಅದುರುತ್ತಿತ್ತು. ಕಂದು ಲಕೋಟೆಗೆ ಗೋಂದು ಹಚ್ಚುವ ಹೊತ್ತಿಗೆ ನಿಯಾಝ್‌ನ ಪೆಟ್ಟಿಗೆ ಕಟ್ಟಲು ನಾಲ್ಕು ಜನ ಅಂಗಳದಲ್ಲಿ ಕೂತಾಗಿತ್ತು.

“ಇತ್ತ ಕೊಡು, ನಾನು ಕೊಡ್ತೇನೆ” ಎಂದು ಹೇಮಲತಾ ಲಕೋಟೆ ತೆಗೆದುಕೊಂಡರು. ಕೊಟ್ಟರು ಕೂಡ. ಹೇಗೆ ಕೊಟ್ಟರು ಅನ್ನುವುದರಲ್ಲೇ ಕಥೆ ಇರುವುದು. ಊರಿನಲ್ಲಿದ್ದ ದುಗ್ಗಪ್ಪನವರ ತಾಯಿಗೆಂದು ತೆಗೆದಿಟ್ಟಿದ್ದ ಗುಲಾಬಿ ಹೂವಿನ ದೊಡ್ಡ ಗಲ್ಫ್ ಕಂಬಳಿ ಅದೇ ಪೆಟ್ಟಿಗೆಯಲ್ಲಿ ಹೋಗುವುದಿತ್ತು. ಮಗಳು ಹಗಲಿರುಳು ಕೂತು ಬರೆದ ಅರ್ಜಿ, ಮಡಚಿ ಮುದ್ದೆಯಾಗಬಾರದಲ್ಲ? ಹೇಮಲತಾ ಅದನ್ನು ಕಂಬಳಿಯ ನಟ್ಟನಡುವಿನ ಮಡಿಕೆಯೊಳಗೆ, ಮಗುವನ್ನು ಮಲಗಿಸಿದ ಹಾಗೆ ಇಟ್ಟು, ಮೇಲಿನ ಪ್ಲಾಸ್ಟಿಕ್ ಚೀಲದ ಜಿಪ್ ಎಳೆದರು. “ಕಂಬಳಿಯ ಒಳಗೆ ಉಂಟು ಆಯ್ತಾ ನಿಯಾಝ್” ಅಂದರು. ಹಲ್ಲಲ್ಲಿ ಹಗ್ಗ ಕಚ್ಚಿಕೊಂಡಿದ್ದ ನಿಯಾಝ್ ತಲೆ ಆಡಿಸಿದ. ಅವನಿಗೆ ಎಷ್ಟು ಕೇಳಿಸಿತೋ ದೇವರೇ ಬಲ್ಲ.

ಬಿಡಲು ಹೋದದ್ದು ದುಗ್ಗಪ್ಪನವರ ಪಿಕಪ್‌ನಲ್ಲಿ. ಕೌಂಟರಿನಲ್ಲಿ ಪೆಟ್ಟಿಗೆ ಭಾರ ಜಾಸ್ತಿ ಬಂತು. ಇದು ಹೊಸತೇನಲ್ಲ; ಪೆಟ್ಟಿಗೆಯ ಹಗ್ಗ ಕೊಯ್ಯಲೆಂದೇ ಬಿಡಲು ಬಂದವರ ಕಿಸೆಯಲ್ಲಿ ಚೂರಿ ಇರುತ್ತಿತ್ತು. ಹತ್ತು ಮನೆಯ ಸಾಮಾನು ಹೊರಬಿತ್ತು. ಯಾರದ್ದನ್ನು ಇಳಿಸುವುದು? ಒಬ್ಬರದ್ದು ಹಾಲಿನಪುಡಿ, ಒಬ್ಬರದ್ದು ಮದುವೆ ಸೀರೆ. ನಿಯಾಝ್ ಮುಖ ಮುಖ ನೋಡಿದ. ದುಗ್ಗಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ. “ನಮ್ಮ ಕಂಬಳಿ ತೆಗಿ ಮಾರಾಯ. ಅಮ್ಮನಿಗೆ ಜುಲೈಯಲ್ಲಿ ನಾವೇ ತಕೊಂಡು ಹೋಗ್ತೇವೆ. ಬೇರೆಯವರ ಸಾಮಾನು ಹೋಗ್ಲಿ.” ಕಂಬಳಿಯನ್ನು ಪಿಕಪ್‌ನ ಸೀಟಿನ ಹಿಂದೆ ಎಸೆದರು, ಮರೆತೇಬಿಟ್ಟರು.

ವಾರದೊಳಗೆ ನಿಯಾಝ್‌ನ ಫೋನು ಬಂತು. ಎಲ್ಲರದ್ದೂ ಮುಟ್ಟಿಸಿದ್ದೇನೆ ಅಂದನಂತೆ. ಅವನ ಲೆಕ್ಕದಲ್ಲಿ ಸುಳ್ಳೇನೂ ಇರಲಿಲ್ಲ. ಅಶ್ವಿತಾ ಆ ವಾರವೆಲ್ಲ ಅರ್ಧ ಮೈಸೂರಿನಲ್ಲೇ ಇದ್ದಳು. ಈಗ ಯಾರೋ ಲಕೋಟೆ ಒಡೆಯುತ್ತಿರಬಹುದು, ಈಗ ಯಾರೋ ಓದುತ್ತಿರಬಹುದು. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು.

ಶುಕ್ರವಾರ ಕಂಪನಿಗೆ ರಜೆ. ಬೆಳಿಗ್ಗೆ ಪಿಕಪ್ ತೊಳೆಯುತ್ತಿದ್ದ ದುಗ್ಗಪ್ಪ ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಬಂದರು. “ಇಕಾ, ಇದು ಅಲ್ಲೇ ಬಾಕಿ. ಒಳಗೆ ಇಡು.”

ಹೇಮಲತಾರ ಕೈಯಿಂದ ಸೌಟು ಜಾರಿತು. “ಅಯ್ಯೋ ದೇವರೇ! ಇದು ಎಂತ ಇಲ್ಲಿ?”

ಮುಂದಿನದ್ದನ್ನು ಅವರು ಬಾಯಲ್ಲಿ ಹೇಳಲಿಲ್ಲ. ಜಿಪ್ ಎಳೆದರು, ಮಡಿಕೆ ಬಿಡಿಸಿದರು. ಲಕೋಟೆ ಚೂರೂ ಮುದುಡದೆ, ಇಟ್ಟ ಹಾಗೇ ಇತ್ತು. ಅಶ್ವಿತಾ ಬಾಗಿಲಲ್ಲಿ ನಿಂತು ನೋಡಿದಳು. ಆಮೇಲೆ ಸಿಟ್ಟು ಬಂತು ನೋಡಿ, ಅಂಥ ಸಿಟ್ಟು ಅವಳಿಗೆ ಹುಟ್ಟಿದಂದಿನಿಂದ ಬಂದಿರಲಿಲ್ಲ.

“ಏರ್‌ಪೋರ್ಟಲ್ಲಿ ಇದನ್ನು ತೆಗೆಸಿದ್ದು ಯಾರು?”

“ನಾನೇ” ಅಂದರು ದುಗ್ಗಪ್ಪ. ಅವರಿಗಿನ್ನೂ ವಿಷಯ ತಲೆಗೆ ಹತ್ತಿರಲಿಲ್ಲ.

“ನೀವೇ ತೆಗೆಸಿದ್ದು! ಬೇಕಂತಲೇ ತೆಗೆಸಿದ್ದು! ನಿಮ್ಮದು ಕೈಚೀಲದಲ್ಲಿ ಹೋಯ್ತು, ನನ್ನದು ಮಾತ್ರ ವಾಪಸ್ ಬಂತು. ಒಂದು ನಿನ್ನದು ಒಂದು ನನ್ನದು ಅಂತ ಹೇಳಿದ್ದೆಲ್ಲ ನಾಟಕ!”

“ಅಶ್ವಿ, ಬಾಯಿ ಮುಚ್ಚು” ಎಂದು ಹೇಮಲತಾ ಅತ್ತೇಬಿಟ್ಟರು. “ಇಟ್ಟದ್ದು ನಾನು. ಅವರಿಗೆ ಗೊತ್ತೇ ಇಲ್ಲ.”

ದುಗ್ಗಪ್ಪ ಲಕೋಟೆಯನ್ನು ನೋಡಿದರು, ಮಗಳನ್ನು ನೋಡಿದರು. ಅವರ ಮುಖ ಬಿಳಿಚಿತು. ಬೈಯುತ್ತಾರೆಂದು ಅಶ್ವಿತಾ ಕಾದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಪ್ಯಾಂಟು ಹಾಕಿಕೊಂಡು ಬಂದು, ಕೀಲಿ ತೆಗೆದುಕೊಂಡರು. “ಚಪ್ಪಲಿ ಹಾಕು. ಯಲ್ಲಾ, ಹೊರಡುವ.”

“ಊಟ?” ಅಂದರು ಹೇಮಲತಾ.

“ಊಟ ಬೇಡ. ಊರಿಗೆ ಯಾರು ಹೋಗ್ತಾರೆ ನೋಡುವ.”

ಕೊರಿಯರ್ ಆಫೀಸು ಶುಕ್ರವಾರ ಬಾಗಿಲು ಹಾಕಿತ್ತು. ಮರುದಿನ ಕೊಟ್ಟರೂ ಗುರುವಾರದೊಳಗೆ ಮೈಸೂರು ಮುಟ್ಟುವ ಖಾತ್ರಿಯಿಲ್ಲ. ಕೈಯಲ್ಲೇ ಹೋಗಬೇಕು. ಪಿಕಪ್‌ನೊಳಗೆ ಕುದಿಯುವ ಸೆಖೆ, ಸ್ಟೀರಿಂಗ್ ಮುಟ್ಟಿದರೆ ಕೈ ಸುಡುತ್ತಿತ್ತು.

ಮೊದಲು ಹೋದದ್ದು ಆಂಟನಿಯ ಫ್ಲ್ಯಾಟಿಗೆ. ಆಂಟನಿ ಕಾರ್ಕಳ ಕಡೆಯವನು, ದುಗ್ಗಪ್ಪನವರ ಹಳೆಯ ರೂಮ್‌ಮೇಟ್, ಅದೇ ಸಂಜೆ ಬೊಂಬಾಯಿ ದಾರಿಯಾಗಿ ಊರಿಗೆ ಹೊರಟವನು. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆಯುತ್ತ ಕೂತಿದ್ದ.

“ಮಗಳದ್ದೊಂದು ಕಾಲೇಜಿನ ಅರ್ಜಿ ಉಂಟು ಆಂಟನಿ. ಅರ್ಜೆಂಟ್.”

“ಎಂಜಿನಿಯರಿಂಗಾ?”

“ಹೂಂ” ಅಂದರು ದುಗ್ಗಪ್ಪ.

ಅಶ್ವಿತಾಳ ಕಿವಿ ಬಿಸಿಯಾಯಿತು. ತನ್ನ ಅಪ್ಪನಿಗೆ ತನ್ನ ಓದಿನ ಹೆಸರು ಹೇಳಲು ನಾಚಿಕೆ! ಆದರೆ ಸುಳ್ಳು ಎಷ್ಟು ಹೊತ್ತು ನಿಂತೀತು? ಒಂದೇ ವಿಲ್ಲಾದ ನಿಯಾಝ್‌ನ ಮಾತು ಬೇರೆ; ಗಲ್ಫಿನಿಂದ ಹೋಗುವವರು ಸಾಮಾನ್ಯವಾಗಿ ಯಾರೂ ಅಂಟಿಸಿದ ಲಕೋಟೆ ಒಯ್ಯುವುದಿಲ್ಲ. ಎಷ್ಟೇ ಖಾಸಾ ದೋಸ್ತಿಯಾಗಲಿ, ಕಣ್ಣೆದುರು ಬಿಚ್ಚಿ ತೋರಿಸಬೇಕು. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ಹೋಗುವುದು ಹೊತ್ತವನ ಮಾನ. “ತಪ್ಪು ತಿಳ್ಕೊಬೇಡ ದುಗ್ಗು” ಎಂದು ಆಂಟನಿ ತಾನೇ ಲಕೋಟೆ ಬಿಚ್ಚಿ ಕಾಗದ ಹೊರಗೆಳೆದ. ಓದಿದ. ಹೋ ಎಂದು ನಕ್ಕ.

“ಇದೆಂತದು ಮಾರಾಯ, ಬಿ.ಎ.! ಹಿಸ್ಟರಿ! ನಾನು ಎಂಜಿನಿಯರಿಂಗ್ ಅಂದ್ಕೊಂಡೆ. ಇದಕ್ಕಾ ಈ ಬಿಸಿಲಲ್ಲಿ ಓಡಿ ಬಂದದ್ದು? ಆಗ್ಲಿ ಆಗ್ಲಿ, ಗಂಡು ಸಿಗುವವರೆಗೆ ಟೈಮ್‌ಪಾಸ್ ಆಗ್ತದೆ. ಇಟ್ಟು ಹೋಗು. ಮುಟ್ಟಿದ್ರೆ ಮುಟ್ಟಿತು, ಇಲ್ಲದಿದ್ರೆ ಎಂತ ಮುಳುಗುವುದು?”

ದುಗ್ಗಪ್ಪ ಕೈ ಚಾಚಿದರು. “ಕೊಡು.”

“ಏ, ತಮಾಷೆಗೆ ಹೇಳಿದ್ದು.”

“ಕೊಡು ಇಲ್ಲಿ. ಮುಟ್ಟಿದ್ರೆ ಮುಟ್ಟಿತು ಅಂತ ಕೊಡುವಂಥದ್ದಲ್ಲ ಅದು.” ಕಾಗದ ಕಸಿದುಕೊಂಡು ಮೆಟ್ಟಿಲು ಇಳಿದೇಬಿಟ್ಟರು.

ಪಿಕಪ್ ಹತ್ತಿದ್ದೇ ಅಶ್ವಿತಾ ಸಿಡಿದಳು. “ಅವರು ಇವತ್ತೇ ಹೋಗ್ತಿದ್ರು! ನಕ್ರೆ ನಗ್ಲಿ, ತಕೊಂಡು ಹೋಗ್ತಿದ್ರಲ್ಲ. ಯಾಕೆ ವಾಪಸ್ ತಕೊಂಡ್ರಿ?”

“ಆ ಮನುಷ್ಯ ಮುಟ್ಟಿಸುವುದಿಲ್ಲ.”

“ನಿಮಗೆ ಹೇಗೆ ಗೊತ್ತು? ನೀವು ಎಂಜಿನಿಯರಿಂಗ್ ಅಂತ ಸುಳ್ಳು ಹೇಳದಿದ್ರೆ ಅವರು ಅಷ್ಟು ನಗ್ತಲೂ ಇರ್ಲಿಲ್ಲ.”

ದುಗ್ಗಪ್ಪ ಕೀಲಿ ತಿರುಗಿಸಲಿಲ್ಲ. ಬೆವರು ಅವರ ಗಲ್ಲದಿಂದ ಅಂಗಿಗೆ ಇಳಿಯುತ್ತಿತ್ತು. “ಬಾಯಿಗೆ ಬಂತು, ಹೇಳಿದೆ” ಅಂದರು. ಆಮೇಲೆ, “ತಪ್ಪಾಯ್ತು” ಅಂದರು. ಅಪ್ಪನ ಬಾಯಲ್ಲಿ ಆ ಮಾತನ್ನು ಅವಳು ಅಲ್ಲಿಯವರೆಗೆ ಕೇಳಿರಲಿಲ್ಲ. ಸಿಟ್ಟು ಪೂರ್ತಿ ಇಳಿಯಲಿಲ್ಲ, ಆದರೂ ಮುಂದಕ್ಕೆ ಬೈಯಲು ನಾಲಿಗೆ ಏಳಲಿಲ್ಲ.

ಇನ್ನೂ ಎರಡು ಮನೆ ಸುತ್ತಿದರು. ಒಬ್ಬರು ಮುಂದಿನ ವಾರವಂತೆ. ಇನ್ನೊಬ್ಬರು ಕೇರಳಕ್ಕೆ ಹೋಗುವವರು, ಮೈಸೂರು ಎಂದರೆ ಕೈಮುಗಿದರು. ನಾಲ್ಕು ಗಂಟೆಯ ಮೇಲೆ ಸೂಕ್ ತೆರೆಯುತ್ತಲೇ ಮೂಸಬ್ಬರ ಅಂಗಡಿಗೆ ಬಂದರು. ಅಲ್ಲಿ ಮೆಣಸಿನ ಚೀಲಗಳ ನಡುವೆ ಕುರ್ಚಿ ಹಾಕಿಸಿಕೊಂಡು ಒಬ್ಬ ಮುದುಕಿ ಕೂತಿದ್ದರು. ಮೂಸಬ್ಬರ ಅಕ್ಕ ಆಯಿಷಮ್ಮ. ಮೂರು ತಿಂಗಳು ತಮ್ಮನ ಮನೆಯಲ್ಲಿದ್ದು, ಮರುದಿನ ಸಂಜೆ ಊರಿಗೆ ಹೊರಟವರು.

“ನಾಳೆಯಾ!” ಎಂದು ಅಶ್ವಿತಾ ಕೂಗಿಯೇಬಿಟ್ಟಳು.

“ನಾಳೆ ಹೌದು ಮಗಾ” ಅಂದರು ಆಯಿಷಮ್ಮ. “ಆದ್ರೆ ನನ್ನ ಕೈಯಲ್ಲಿ ಕೊಡ್ಬೇಡಿ. ನನ್ನನ್ನೇ ಯಾರಾದ್ರೂ ಮುಟ್ಟಿಸ್ಬೇಕು. ಬರುವಾಗ ಬೊಂಬಾಯಿಯಲ್ಲಿ ಮಂಗಳೂರಿನ ವಿಮಾನ ಇಳಿದು ಇಲ್ಲಿನ ವಿಮಾನ ಹತ್ಲಿಕ್ಕೆ ಎಷ್ಟು ಕಷ್ಟ ಆಯ್ತು! ಒಂದು ಏರ್‌ಪೋರ್ಟಿಂದ ಇನ್ನೊಂದು ಏರ್‌ಪೋರ್ಟಿಗೆ ಹೋಗ್ಬೇಕಂತೆ. ಅವರ ಹಿಂದಿ ನನಗೆ ತಿಳಿಯುದಿಲ್ಲ, ಫಾರಂ ತುಂಬಿಸ್ಲಿಕ್ಕೆ ಅಕ್ಷರ ಬರುದಿಲ್ಲ. ಕಂಡವರ ಕೈಕಾಲು ಹಿಡಿದು ಬಂದೆ. ಈಗ ವಾಪಸ್ ಹೋಗುದು ಹೇಗೆ ಅಂತ ನಿದ್ದೆಯೇ ಇಲ್ಲ.” ಆಮೇಲೆ ದುಗ್ಗಪ್ಪನವರ ಕೈಯಲ್ಲಿದ್ದ ಲಕೋಟೆ ನೋಡಿದರು. “ಎಂತ ಉಂಟು ಅದರಲ್ಲಿ?”

ಅಶ್ವಿತಾ ಅಪ್ಪನ ಮುಖ ನೋಡಿದಳು. ಈಗ ಎಂತ ಹೇಳುತ್ತಾರೆ?

“ಮಗಳ ಬಿ.ಎ. ಅರ್ಜಿ, ಆಯಿಷಮ್ಮ” ಅಂದರು ದುಗ್ಗಪ್ಪ. “ಹಿಸ್ಟರಿ. ಹಳೇ ಕಾಲದ್ದೆಲ್ಲ ಕಲಿಯುವುದು.”

“ಅದು ಕಲ್ತು ಎಂತ ಮಾಡುದು?”

ಅದೇ ಪ್ರಶ್ನೆ! ಲಾಡು ಕೈಯಲ್ಲಿ ಹಿಡಿದು ಅಪ್ಪ ಕೇಳಿದ್ದ ಪ್ರಶ್ನೆ. ದುಗ್ಗಪ್ಪ ಕುತ್ತಿಗೆ ಒರೆಸಿಕೊಂಡರು. ಮೂಸಬ್ಬರ ಕಡೆ ನೋಡಿದರು, ತಕ್ಕಡಿಯ ಕಡೆ ನೋಡಿದರು.

“ನಿಮ್ಮ ತಮ್ಮ ಈ ಊರಿಗೆ ಹೇಗೆ ಬಂದ್ರು ಅಂತ ನಿಮ್ಮ ಮೊಮ್ಮಕ್ಕಳಿಗೆ ಗೊತ್ತುಂಟಾ?”

“ಎಲ್ಲಿ! ಅವಕ್ಕೆ ಕೇಳ್ಲಿಕ್ಕೆ ಪುರುಸೊತ್ತು ಉಂಟಾ?”

“ಇವಳಿಗೆ ಗೊತ್ತುಂಟು. ಲಾಂಚಿನಲ್ಲಿ ಎಷ್ಟು ಜನ, ಎಷ್ಟು ದಿನ ಗಂಜಿ, ಯಾರು ವಾಂತಿ ಮಾಡಿದ್ರು, ಯಾರು ದಾರಿಯಲ್ಲೇ ತೀರಿಹೋದ್ರು, ಎಲ್ಲ ಗೊತ್ತುಂಟು. ಮನೆಗೆ ಬಂದು ನಮಗೆ ಹೇಳ್ತಾಳೆ. ನಾವು ಕೇಳುದಿಲ್ಲ, ಆದ್ರೂ ಹೇಳ್ತಾಳೆ. ಇಪ್ಪತ್ತು ವರ್ಷದಿಂದ ಈ ಅಂಗಡಿಗೆ ಬರ್ತೇನೆ ನಾನು, ಮೂಸಾಕನ ಹತ್ರ ಒಂದು ದಿನ ಕೇಳ್ಲಿಲ್ಲ, ನೀವು ಹೇಗೆ ಬಂದ್ರಿ ಅಂತ. ಇವಳು ಕೇಳಿದ್ಳು. ಇಂಥವಳನ್ನು ಲೆಕ್ಕ ಬರೀಲಿಕ್ಕೆ ಕೂರಿಸಿದ್ರೆ ಲೆಕ್ಕವೂ ಹಾಳು, ಹುಡುಗಿಯೂ ಹಾಳು.”

ಹೇಳಿ ಮುಗಿಸಿದ ಮೇಲೆ ದುಗ್ಗಪ್ಪನವರಿಗೇ ಗಾಬರಿಯಾಯಿತು. ಬೇರೆ ಯಾರೋ ತಮ್ಮ ಬಾಯಲ್ಲಿ ಮಾತಾಡಿದರೋ ಎಂಬಂತೆ ಸುತ್ತ ನೋಡಿದರು. ಅಶ್ವಿತಾಳಿಗೆ ಬೆಳಿಗ್ಗೆ ತಾನು ಅಂದ ಮಾತೆಲ್ಲ ನೆನಪಾಗಿ, ಮೆಣಸಿನ ಘಾಟಿನ ನೆಪ ಮಾಡಿ ಕಣ್ಣೊರೆಸಿಕೊಂಡಳು.

ಮೂಸಬ್ಬ ಮೆಲ್ಲಗೆ ಕೆಮ್ಮಿದರು. ಆಯಿಷಮ್ಮ ಹುಡುಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಮಗಾ, ನಿನಗೆ ಹಿಂದಿ ಬರ್ತದಾ?”

“ಬರ್ತದೆ.”

“ಇಂಗ್ಲಿಷ್?”

“ಬರ್ತದೆ.”

“ಮತ್ತೆಂತ ದುಗ್ಗಣ್ಣ! ಈ ಕಾಗದ ಯಾಕೆ ನನ್ನ ಕೈಯಲ್ಲಿ ಕಳ್ಸುದು? ಹುಡುಗಿಯನ್ನೇ ಕಳ್ಸಿ. ಅವಳ ಕಾಗದ ಅವಳೇ ಹಿಡ್ಕೊಳ್ಲಿ, ನನ್ನನ್ನೂ ಹಿಡ್ಕೊಳ್ಲಿ. ಮಂಗಳೂರಿನಲ್ಲಿ ನಿಮ್ಮ ತಮ್ಮ ಇಲ್ವಾ? ಮೈಸೂರಿಗೆ ಬಸ್ಸಿನಲ್ಲಿ ಕರ್ಕೊಂಡು ಹೋಗ್ಲಿ.”

ನೋಡಿ ಹೇಗೆ! ಎರಡು ವಾರದಿಂದ ಮೈಸೂರು ಮೈಸೂರು ಎಂದು ಮನೆ ಎಬ್ಬಿಸಿದವಳು, ಈಗ ಮೈಸೂರು ಎದುರಿಗೇ ಬಂದು ಕೈ ಚಾಚಿದಾಗ ಹಿಂದೆ ಸರಿದಳು. ನಾಳೆ? ಅಮ್ಮ ಇಲ್ಲದೆ, ಅಪ್ಪ ಇಲ್ಲದೆ? ಜುಲೈಯಲ್ಲಿ ಮೂವರೂ ಒಟ್ಟಿಗೆ ಹೋಗುವುದಲ್ಲವೇ? ಕಾಲೇಜು ಬೇಕಿತ್ತು, ಅದು ಪ್ರಾಸ್ಪೆಕ್ಟಸ್‌ನೊಳಗೆ ಇರುವವರೆಗೆ ಹೆದರಿಕೆ ಇರಲಿಲ್ಲ.

“ಅಪ್ಪ, ನೀವು ಬನ್ನಿ” ಅಂದಳು ಸಣ್ಣ ದನಿಯಲ್ಲಿ.

“ನನ್ನ ಪಾಸ್‌ಪೋರ್ಟ್ ಕಂಪನಿಯಲ್ಲಿ ಉಂಟಲ್ಲ ಮಗಾ. ನಾನು ಈ ದೇಶ ಬಿಡ್ಬೇಕಾದ್ರೆ ಕಂಪನಿ ಸಹಿ ಹಾಕ್ಬೇಕು. ನಿನ್ನ ವೀಸಾಕ್ಕೆ ಸ್ಪಾನ್ಸರ್ ನಾನೇ. ನಿನಗೆ ನನ್ನ ಸಹಿ ಸಾಕು.” ದುಗ್ಗಪ್ಪ ಲಕೋಟೆಯನ್ನು ಅವಳ ಕೈಗೆ ಕೊಟ್ಟರು. “ನೀನು ಹೇಳು. ಹೋಗ್ತೀಯಾ?”

ಅಂಗಡಿಯ ಫ್ಯಾನು ತಿರುಗುತ್ತಿತ್ತು. ಇಲ್ಲ ಅಂದರೆ ಅಪ್ಪ ಒತ್ತಾಯ ಮಾಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಇಲ್ಲ ಅಂದರೆ ಮಂಗಳೂರು, ಬಿ.ಕಾಂ., ಅಪ್ಪನ ಕಣ್ಣೆದುರಿನ ಆ ಕುರ್ಚಿ. “ಹೋಗ್ತೇನೆ” ಅಂದಳು.

ಶನಿವಾರ ಹೇಗೆ ಕಳೆಯಿತೋ! ಬೆಳಿಗ್ಗೆ ಟ್ರಾವೆಲ್ಸ್‌ನ ಬಾಗಿಲು ತೆರೆಯುವ ಮೊದಲೇ ದುಗ್ಗಪ್ಪ ಅಲ್ಲಿದ್ದರು, ಮಗಳ ಜುಲೈಯ ಟಿಕೆಟನ್ನು ಅಂದಿನ ಸಂಜೆಗೆ ತಿರುಗಿಸಿಕೊಂಡರು, ಮಂಗಳೂರಿನ ತಮ್ಮನಿಗೆ ಫೋನು ಮಾಡಿದರು. ಹೇಮಲತಾ ಒಂದು ಕಡೆ ಅಳುತ್ತ ಇನ್ನೊಂದು ಕಡೆ ಪೆಟ್ಟಿಗೆ ತುಂಬಿದರು. ಮಗಳು ಹೊರಡುವ ಸುದ್ದಿ ಓಣಿಗೆ ಗೊತ್ತಾಗಿ ಮಧ್ಯಾಹ್ನದೊಳಗೆ ಆರು ಮನೆಯ ಪೊಟ್ಟಣ ಬಂದು ಕೂತಿತು. ಅಜ್ಜಿಯ ಕಂಬಳಿಯೂ ಪೆಟ್ಟಿಗೆ ಸೇರಿತು. ಕೊನೆಗೆ ದುಗ್ಗಪ್ಪ ಟೀವಿಯ ಮೇಲಿನ ಎರಡು ಅಕೌಂಟೆನ್ಸಿ ಗೈಡುಗಳನ್ನು ತಂದು ಕಂಬಳಿಯ ಕೆಳಗೆ ತುರುಕಿದರು. “ಮಂಗಳೂರಿನಲ್ಲಿ ಸೀಟು ಸಿಕ್ಕಿದ್ರೆ ಬೇಕಾಗ್ತದೆ” ಅಂದರು, ಯಾರ ಮುಖವನ್ನೂ ನೋಡದೆ.

ಅಶ್ವಿತಾಳಿಗೆ ನಿನ್ನೆ ಅಂಗಡಿಯಲ್ಲಿ ಕೇಳಿದ್ದು ಅಲ್ಲಿಗೇ ಮುಗಿಯಿತೇನೋ, ಹೊರಗಿನವರ ಎದುರು ಆಡಿದ ಮಾತು ಅಷ್ಟೇ ಏನೋ ಎಂದು ಸಂಕಟವಾಯಿತು. ಲಕೋಟೆ ಮಾತ್ರ ಪೆಟ್ಟಿಗೆಗೆ ಹೋಗಲಿಲ್ಲ. ಚೂಡಿದಾರದ ಮೇಲೆ ಅಡ್ಡ ಹಾಕಿಕೊಂಡ ಚೀಲದಲ್ಲಿ, ಮೈಗೆ ಅಂಟಿಕೊಂಡೇ ಇತ್ತು.

ನಿಲ್ದಾಣದಲ್ಲಿ ಮೂಸಬ್ಬ ಅಕ್ಕನನ್ನು ಹುಡುಗಿಯ ಕೈಗೆ ಒಪ್ಪಿಸಿದರು. ಆಯಿಷಮ್ಮ ಅವಳ ಮಣಿಕಟ್ಟು ಹಿಡಿದವರು ಬಿಡಲೇ ಇಲ್ಲ. ಕೌಂಟರಿನವನು ಪೆಟ್ಟಿಗೆಯನ್ನು ತೂಕಕ್ಕೆ ಇಟ್ಟ, ತಲೆ ಅಡ್ಡ ಆಡಿಸಿದ. “ಜಾಸ್ತಿ ಇದೆ. ಕಡಿಮೆ ಮಾಡಿ.”

ದುಗ್ಗಪ್ಪ ಕಿಸೆಯಿಂದ ಚೂರಿ ತೆಗೆದರು. ಹಗ್ಗ ಕೊಯ್ದರು. ಮುಚ್ಚಳ ತೆರೆದು ಎರಡೂ ಕೈಯಲ್ಲಿ ಕಂಬಳಿಯನ್ನು ಎತ್ತಿದರು. ಮತ್ತೆ ಅದೇ ಕಂಬಳಿಯೇ ಎಂದು ಅಶ್ವಿತಾ ನೋಡುತ್ತ ನಿಂತಳು. ದುಗ್ಗಪ್ಪ ಅದನ್ನು ಒಂದು ತೋಳಿನಲ್ಲಿ ಅವುಚಿ ಹಿಡಿದು, ಇನ್ನೊಂದು ಕೈಯನ್ನು ಕೆಳಗೆ ಹಾಕಿ, ಗೈಡುಗಳನ್ನು ಒಂದೊಂದಾಗಿ ಹೊರಗೆಳೆದರು. ಕಂಬಳಿಯನ್ನು ಮೊದಲಿನ ಜಾಗದಲ್ಲೇ ಇಟ್ಟು ಅಂಗೈಯಿಂದ ಒತ್ತಿ ಸರಿಮಾಡಿದರು.

“ಅಪ್ಪ, ಅದು ಬಿ.ಕಾಂ.ಗೆ...”

“ಗೊತ್ತುಂಟು” ಅಂದರು ದುಗ್ಗಪ್ಪ, ಹಗ್ಗ ಕಟ್ಟುತ್ತ. “ಮೈಸೂರಿನಲ್ಲಿ ಚಳಿ ಉಂಟಂತಲ್ಲ. ಕಂಬಳಿ ಅಜ್ಜಿಗೆ ಕೊಡ್ಬೇಡ, ನೀನೇ ಇಟ್ಕೊ. ಅಜ್ಜಿಗೆ ನಾನು ಬೇರೆ ತರ್ತೇನೆ.”

ಪೆಟ್ಟಿಗೆ ಒಳಗೆ ಹೋಯಿತು. ಬೀಳ್ಕೊಡಲು ಬಂದವರು ನಿಲ್ಲುವ ಗೆರೆ ಬಂತು. ಹೇಮಲತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ದುಗ್ಗಪ್ಪ ಕೈ ಎತ್ತಿ “ಯಲ್ಲಾ, ಯಲ್ಲಾ” ಅಂದರು, ತಡಮಾಡಬೇಡ ಎಂಬಂತೆ. ಪಾಸ್‌ಪೋರ್ಟಿಗೆ ಮುದ್ರೆ ಹೊಡೆಸಿಕೊಂಡು ಅಶ್ವಿತಾ ತಿರುಗಿ ನೋಡಿದಾಗ ಅವರು ಇನ್ನೂ ಅಲ್ಲೇ ಇದ್ದರು, ಕಂಕುಳಲ್ಲಿ ಆ ಎರಡು ದಪ್ಪ ಪುಸ್ತಕ ಇಟ್ಟುಕೊಂಡು. ಅವಳಿಗೆ ಅಳು ತಡೆಯಲಾಗಲಿಲ್ಲ, ತಡೆಯಲೂ ಇಲ್ಲ.

ಆಯಿಷಮ್ಮ ಅವಳ ಮಣಿಕಟ್ಟು ಹಿಡಿದೇ ಹಿಂದಕ್ಕೆ ಕಣ್ಣು ಕಿರಿದು ಮಾಡಿ ನೋಡಿದರು. “ಅಪ್ಪನ ಕೈಯಲ್ಲಿ ಎಂತದು ಮಗಾ ಅದು? ನಿನ್ನದು ಬಾಕಿ ಆಯ್ತಾ?”

“ನನ್ನದಲ್ಲ ಆಯಿಷಮ್ಮ. ಅಪ್ಪನ ಕಾಲೇಜು ಅದು.”

“ಯಾರು ತೆಗೆಸಿದ್ದು?”

“ಅವರೇ” ಅಂದಳು ಅಶ್ವಿತಾ. “ಅವರೇ ತೆಗೆದದ್ದು.”